ಬಚ್ಚಲುಮನೆಯ ನಕ್ಷೆ

ಅಪ್ಪಾ,

ಮಗಳು ಫೋನ್ ಎತ್ತುವುದೇ ಇಲ್ಲ ಎಂದು ಮುಖ ಊದಿಸಿಕೊಂಡು ಕೂತಿರುತ್ತೀ, ಗೊತ್ತು. ಅದಕ್ಕೇ ಈ ಕಾಗದ.

ನಿನ್ನ ಅಳಿಯನ ಕೆಲಸ ಹೋಯಿತು. ಕಚೇರಿಯವರು ಕೊಟ್ಟಿದ್ದ ಕಂಪ್ಯೂಟರು, ಫೋನು ಎರಡನ್ನೂ ವಾಪಸ್ ಇಸಿದುಕೊಂಡರು. ಕಟ್ಟಡದ ನಕ್ಷೆ ಬರೆದು ರೂಢಿಯಾದ ಕೈ ಸುಮ್ಮನಿರುತ್ತದೆಯೇ? ನನ್ನ ಫೋನಿನೊಳಗೇ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ತುರುಕಿ, ಟಿವಿಗೆ ಕೇಬಲ್ ಸಿಕ್ಕಿಸಿ, ಊಟದ ಮೇಜನ್ನು ಕಚೇರಿ ಮಾಡಿಕೊಂಡಿದ್ದಾರೆ. ದಿನಾ ಇಸ್ತ್ರಿ ಅಂಗಿ ತೊಟ್ಟೇ ಕೂರುತ್ತಾರೆ. ಫೋನು ಕಾದು ಕೆಂಡವಾಗುತ್ತದೆ. ನಾನು ಅದರಡಿ ತಣ್ಣನೆಯ ಸ್ಟೀಲ್ ತಟ್ಟೆ ಇಡುತ್ತೇನೆ. ಕರೆ ಬಂದರೆ ಟಿವಿ ಕಪ್ಪಾಗಿ ಎಲ್ಲ ನಿಂತುಬಿಡುತ್ತದೆ. "ಕೆಲಸದ ಹೊತ್ತಲ್ಲಿ ಯಾರೂ ಫೋನ್ ಮಾಡ್ಬಾರ್ದು ಅಂತ ಹೇಳು" ಎನ್ನುತ್ತಾರೆ.

ನಿನ್ನೆ ಚಹಾ ಕೊಡಲು ಹೋದಾಗ ಟಿವಿಯ ಕಡೆ ನೋಡಿದೆ. ಅದು ನಮ್ಮ ಮಕ್ಕಳ ಶಾಲೆಯ ಮೆಟ್ಟಿಲಿನ ನಕ್ಷೆ. ಆ ಮೆಟ್ಟಿಲು ಯಾವಾಗಲೋ ಕಟ್ಟಿ ಮುಗಿದಿದೆ, ನಾನೇ ಹತ್ತಿ ಇಳಿದಿದ್ದೇನೆ. ಇವರು ಒಂದು ಗೆರೆಯನ್ನು ಅತ್ತ ಸರಿಸಿ, ಮತ್ತೆ ಇತ್ತ ತರುತ್ತಿದ್ದರು. ಲೋಟ ಇಟ್ಟು ಬಂದುಬಿಟ್ಟೆ.

ಬಚ್ಚಲುಮನೆ ಇಕ್ಕಟ್ಟು ಎಂದು ಅಮ್ಮ ಗೊಣಗುತ್ತಾಳಲ್ಲ, ಅದನ್ನು ದೊಡ್ಡದು ಮಾಡಲು ನಕ್ಷೆ ಬರೆದುಕೊಡು ಎಂದು ಇವರನ್ನು ಕೇಳು. ಕಟ್ಟಿಸದಿದ್ದರೂ ಚಿಂತೆಯಿಲ್ಲ. ನಾನು ಹೇಳಿದೆ ಎನ್ನಬೇಡ. ಕೆಲಸದ ಹೊತ್ತಿನಲ್ಲೇ ಫೋನ್ ಮಾಡು, ಟಿವಿ ಕಪ್ಪಾದರೆ ಆಗಲಿ. ನಕ್ಷೆ ಬಂದ ಮೇಲೆ ನಿನ್ನ ಹಳೇ ಚಾಳಿಯಂತೆ ತಪ್ಪು ಹುಡುಕು. ಬರದಿದ್ದರೆ "ಏನಪ್ಪಾ, ಇನ್ನೂ ಆಗ್ಲಿಲ್ವಾ?" ಎಂದು ಗದರು. ಇವರಿಗೆ ಯಾರಾದರೂ ಅವಸರ ಮಾಡಿ ಬಹಳ ದಿನವಾಯಿತು.

ನಿನ್ನ ಮಗಳು