ಶೂ ಒಳಗಿನ ಜಾಹೀರಾತು

ಅಪ್ಪನಿಗೆ,

ಇವತ್ತು ಬೆಳಿಗ್ಗೆ ನನ್ನ ಶೂ ಒಳಗೆ ನಮ್ಮ ಮನೆಯ ಫೋನ್ ನಂಬರ್ ಕಂಡಿತು.

ಆರು ದಿನದಿಂದ ಬರೀ ಮಳೆ, ಎದುರುಗಾಳಿ. ನಿನ್ನೆ ಸೈಕಲ್ ತಳ್ಳಿಕೊಂಡೇ ಈ ಲಾಡ್ಜ್ ಸೇರಿದೆ. ಲಾಡ್ಜ್ ನೋಡಿಕೊಳ್ಳುವ ಹೆಂಗಸೊಬ್ಬರು, ಒದ್ದೆ ಶೂಗಳಿಗೆ ತುರುಕಲು ಹಳೆ ಪೇಪರು ಕೊಟ್ಟು, "ಅಲ್ಲಮ್ಮಾ, ಈ ಮಳೇಲಿ ಒಬ್ಳೇ ಸೈಕಲ್ಲಾ? ಮನೇಲಿ ಕೇಳೋರಿಲ್ವಾ?" ಎಂದರು. ಇದ್ದಾರೆ ಎಂದೆ.

ಬೆಳಿಗ್ಗೆ ಆ ಪೇಪರು ಬಿಡಿಸಿದರೆ ನಿಮ್ಮ ಜಾಹೀರಾತು: "ಒಬ್ಬರಿಗೆ ಕೋಣೆ ಬಾಡಿಗೆಗಿದೆ. ದೊಡ್ಡ ಕಿಟಕಿ, ಪುಸ್ತಕದ ಕಪಾಟು." ನಾನು ಹೊರಟ ಮೂರನೇ ದಿನದ ಪೇಪರು ಅದು.

"ಹುಡುಗಾಟ ಸಾಕು, ಬಸ್ಸು ಹತ್ತಿ ಬಾ. ನಿನ್ನ ಕೋಣೆ ಕಾಯ್ತಾ ಇದೆ" ಎಂದು ನಿನ್ನೆ ಫೋನಿನಲ್ಲಿ ಅಂದಿರಲ್ಲ. ಬಾಡಿಗೆಗೆ ಯಾರೂ ಸಿಗಲಿಲ್ಲವೇನೋ. ನಾನು ನಂಬಿ, ಸೈಕಲ್ಲನ್ನು ಬಸ್ಸಿನ ಮೇಲೆ ಹಾಕುತ್ತಾರೆಯೇ ಎಂದು ವಿಚಾರಿಸಿಯೂ ಬಂದಿದ್ದೆ.

ಎದುರಿಗೆ ಮಾತಾಡಲು ನನಗೆ ಬರುವುದಿಲ್ಲ, ಅದಕ್ಕೇ ಈ ಕಾಗದ. ನನ್ನ ಪುಸ್ತಕಗಳನ್ನು ಶೆಡ್ಡಿಗೆ ಹಾಕಿದ್ದರೆ ಕೆಳಗೊಂದು ಹಲಗೆ ಇಡಿ, ಅಲ್ಲಿ ಸೋರುತ್ತದೆ. ಅಮ್ಮನಿಗೂ ಗೊತ್ತಿತ್ತೇ ಎಂದು ನಾನು ಕೇಳುವುದಿಲ್ಲ.

ಕೋಣೆಯನ್ನು ಧಾರಾಳವಾಗಿ ಕೊಡಿ. ಇದನ್ನು ಅಂಚೆಗೆ ಹಾಕಿ, ಮಳೆ ನಿಲ್ಲುವುದನ್ನು ಕಾಯದೆ ಮುಂದಿನ ಊರಿಗೆ ಹೊರಡುತ್ತೇನೆ.

ಇಂತಿ,
ನಿಮ್ಮ ಮಗಳು