ಮೂರು ಸಲ ತೊಳೆದಿದೆ

ಜುಲೈ 8, ಸೋಮವಾರ
ಒಂಬತ್ತಕ್ಕೆ ಲ್ಯಾಬ್. ತೂಕ, ಲೇಬಲ್, ಫ್ರಿಜ್ಜಿನ ಟೆಂಪರೇಚರ್ — ಎಲ್ಲ ಎಂದಿನಂತೆ. ನಮ್ಮ ಹೊಸ ಇಂಜೆಕ್ಷನ್ ಇವತ್ತು ಆರು ಇಲಿಗಳಿಗೆ. ನೋವಿನ ಔಷಧ, ಸಣ್ಣ ಕಣಗಳೊಳಗೆ ತುಂಬಿದ್ದೇವೆ, ಒಮ್ಮೆ ಚುಚ್ಚಿದರೆ ತಿಂಗಳಿಡೀ ಸ್ವಲ್ಪ ಸ್ವಲ್ಪವೇ ಬಿಡಬೇಕು. ಅನಿಮಲ್ ಹೌಸ್ ನೋಡಿಕೊಳ್ಳುವ ಪಿಳ್ಳಣ್ಣ ಒಂದೊಂದೇ ಇಲಿ ಹಿಡಿದುಕೊಟ್ಟರು. "ಆಯ್ತು ಕಣವ್ವಾ, ಆಯ್ತು" — ಹೇಳುತ್ತಿದ್ದದ್ದು ನನಗಲ್ಲ, ಇಲಿಗೆ.

ಜುಲೈ 9, ಬೆಳಿಗ್ಗೆ 9.20
ಆರರಲ್ಲಿ ನಾಲ್ಕು ಸತ್ತಿವೆ.

ಜುಲೈ 9, ಸಂಜೆ
ಲ್ಯಾಬಿನ ಹೆಡ್ ಉಮಾಶಂಕರ್ ಸರ್ ರೆಕಾರ್ಡ್ ತಿರುವಿದರು. ಕಣ ತಯಾರಿಸಿದ್ದು ನಾನು.
"ಕಣಗಳನ್ನ ಮೂರು ಸಲ ತೊಳ್ದಿದೀರಲ್ವಾ, ಅಕ್ಷತ?"
"ಹೌದು ಸರ್." ಹಾಗೆಂದೇ ಬರೆದೂ ಇದ್ದೆ.
"ಹಂಗಾದ್ರೆ ಹಿಡಿಯೋವಾಗ ಬಿಗಿಯಾಗಿ ಒಳಗೆ ಪೆಟ್ಟಾಗಿರ್ಬೇಕು. ಪಿಳ್ಳಣ್ಣಂಗೂ ವಯಸ್ಸಾಯ್ತು."
ಪಿಳ್ಳಣ್ಣ ತಮ್ಮ ಕೈಗಳನ್ನೇ ನೋಡಿಕೊಂಡರು. ಸತ್ತ ಇಲಿಗಳನ್ನು ಕೊಯ್ದು ನೋಡುವ ಮಾತು ಯಾರೂ ಎತ್ತಲಿಲ್ಲ. ನಾನೂ.

ಜುಲೈ 13
ತೊಳೆದದ್ದು ಒಂದೇ ಸಲ. ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ. ಕಣಗಳ ಮೈಗೆ ಅಂಟಿದ ಔಷಧ ತೊಳೆದು ಹೋಗದಿದ್ದರೆ ಚುಚ್ಚಿದ ಕೂಡಲೇ ಒಟ್ಟಿಗೆ ರಕ್ತಕ್ಕೆ ಇಳಿಯುತ್ತದೆ. ಗೊತ್ತಿತ್ತು. ಆ ಸಂಜೆ ದೇವನಹಳ್ಳಿ ಕಡೆಯ ಕಂಪನಿ ಬಸ್ಸು ಹೊರಡುವುದರಲ್ಲಿತ್ತು, ಉಳಿದೆರಡು ಸಲ ಬಿಟ್ಟೆ...
ಪಿಳ್ಳಣ್ಣನಿಗೆ ಸೋಮವಾರದಿಂದ ಬರಬೇಡಿ ಎಂದಿದ್ದಾರೆ.

ಜುಲೈ 24
ಅನಿಮಲ್ ಹೌಸಿಗೆ ಹೊಸಬರು ಬಂದಿದ್ದಾರೆ. ಮಾತೇ ಆಡುವುದಿಲ್ಲ. ಆದರೂ ಬಾಗಿಲು ತೆರೆದರೆ "ಆಯ್ತು ಕಣವ್ವಾ" ಕೇಳಿಸುತ್ತದೆ. ಇವತ್ತು ಒಂದು ಬ್ಯಾಚನ್ನು ಏಳು ಸಲ ತೊಳೆದೆ. "ಸಾಕು ಬಿಡೇ, ಏನೂ ಮಿಗಲ್ಲ" ಎಂದಳು ಪಕ್ಕದ ಬೆಂಚಿನ ಹರ್ಷಿತ.

ಆಗಸ್ಟ್ 4, ಭಾನುವಾರ
ಇಲ್ಲೇ ಹತ್ತಿರದ ಮಧುರೆ ಎಂಬ ಹಳ್ಳಿಗೆ ಹೋಗಿದ್ದೆ, ಪಿಳ್ಳಣ್ಣನ ಮನೆಗೆ. ಹೆಂಡತಿ ಮುನಿಗಂಗಮ್ಮ ಮಜ್ಜಿಗೆ ಕೊಟ್ಟರು. ಮಗಳ ಕೂಸು ಚಾಪೆಯ ಮೇಲೆ ಅಳುತ್ತಿತ್ತು. ಪಿಳ್ಳಣ್ಣ ಪಕ್ಕದಲ್ಲೇ ಇದ್ದರು, ಎತ್ತಿಕೊಳ್ಳಲಿಲ್ಲ.
"ನೋಡವ್ವಾ ಇವ್ರನ್ನ. ಕೂಸ್ನ ಮುಟ್ಟಾಕಿಲ್ಲ ಅಂತಾರೆ" ಎಂದರು ಮುನಿಗಂಗಮ್ಮ.
"ನನ್ ಕೈ ಹೆಂಗೈತೋ ನಂಗೇ ತಿಳೀದು ಕಣವ್ವಾ" ಎಂದರು ಪಿಳ್ಳಣ್ಣ. "ಮೆಲ್ಲಗೇ ಹಿಡ್ದಿದ್ದೆ ಅನ್ಕೊಂಡಿದ್ದೆ. ನಾಲ್ಕು ಹೋಗ್ಬಿಟ್ವು."
ಮಜ್ಜಿಗೆ ಕುಡಿದೆ. ಎದ್ದು ಬಂದೆ. ಹೇಳಲಿಲ್ಲ.

ಆಗಸ್ಟ್ 5, ಬೆಳಿಗ್ಗೆ 10
ಉಮಾಶಂಕರ್ ಸರ್‌ಗೆ ಹೇಳಿಬಿಟ್ಟೆ. ಆ ರೆಕಾರ್ಡ್ ಮತ್ತೆ ತೆಗೆದು ನೋಡಿದರು.
"ಕೆಲ್ಸ ಹೋಗುತ್ತೆ, ಗೊತ್ತಲ್ವಾ?"
"ಗೊತ್ತು ಸರ್."
"ಬರ್ದು ಸೈನ್ ಮಾಡ್ಕೊಡಿ."
ಕೊಟ್ಟೆ.

ಆಗಸ್ಟ್ 5, ಸಂಜೆ 5, ಮಧುರೆ ಬಸ್ ಸ್ಟಾಪ್
ಪಿಳ್ಳಣ್ಣನ ಮನೆಯಲ್ಲಿ ಈ ಸಲ ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಮುನಿಗಂಗಮ್ಮ ಮುಖ ತಿರುಗಿಸಿ ಒಳಗೆ ಹೋದರು. ಪಿಳ್ಳಣ್ಣ ಬೈಯಲಿಲ್ಲ. ಕೇಳಿದ್ದು ಒಂದೇ — "ಅವು ಬೋ ಒದ್ದಾಡಿದ್ವೇನವ್ವಾ?"
ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ.
ಆಮೇಲೆ ಬಗ್ಗಿ ಕೂಸನ್ನು ಎತ್ತಿಕೊಂಡರು. ತುಂಬಾ ಹೊತ್ತು ಎದೆಗೆ ಒತ್ತಿಕೊಂಡಿದ್ದರು. ಕಣ್ಣು ಒರೆಸಿಕೊಳ್ಳಬೇಕಿತ್ತೇನೋ, ಕೂಸನ್ನು ನನ್ನ ಕಡೆ ಚಾಚಿದರು. "ವಸಿ ಹಿಡ್ಕೋ ತಾಯಿ."
ನನ್ನ ಕೈಗಳನ್ನೇ ನೋಡಿಕೊಂಡೆ. ಆಮೇಲೆ ಮೆಲ್ಲಗೆ ಚಾಚಿದೆ.