ಗೂಬೆಯ ಕಿಂಡಿ

ಅಡುಗೆಮನೆಯ ಕಟ್ಟೆಯ ಮೇಲಿಂದ,
ತಾರೀಖು ಹನ್ನೊಂದು, ಭಾನುವಾರ ಮಧ್ಯಾಹ್ನ

ಪ್ರೀತಿಯ ಗೂಬೆಗೆ,

ಹೇಗಿದ್ದೀಯ? ಕಿವಿನೋವು ಕಡಿಮೆಯಾಯಿತಾ? ಆ ಕೋಲ್ಡ್ ಸ್ಟೋರೇಜಿನ ಕೆಲಸದಲ್ಲಿ ಒಳಗೆ ಹೋದರೆ ಹಲ್ಲು ಕಟಕಟ, ಹೊರಗೆ ಬಂದರೆ ಉರಿಬಿಸಿಲು. ಟೋಪಿ ಎಳೆದುಕೊಳ್ಳದೆ ಒಳಗೆ ಕಾಲಿಡಬೇಡ ಎಂದು ಹಿಂದಿನ ಪತ್ರದಲ್ಲೂ ಬರೆದಿದ್ದೆ. ನೀನು ಅದನ್ನು ಓದಿದೆಯೋ, ಒಡೆಯದೆ ಮೂಲೆಗೆ ಎಸೆದೆಯೋ ದೇವರಿಗೇ ಗೊತ್ತು. ಫೋನಂತೂ ಸ್ವಿಚ್ ಆಫ್. ನಿನ್ನ ಗೆಳೆಯ ಬೇಕರಿಯವನನ್ನು ಕಾಡಿ ಬೇಡಿ ನಿನ್ನ ಸುದ್ದಿ, ಈ ವಿಳಾಸ ಎರಡನ್ನೂ ಆಗಲೇ ಗಿಟ್ಟಿಸಿದ್ದೆ. "ನಾನು ಕೊಟ್ಟೆ ಅಂತ ಮಾತ್ರ ಹೇಳ್ಬೇಡಕ್ಕಾ" ಎಂದಿದ್ದ. ಈಗ ಹೇಳಿಬಿಟ್ಟೆ, ಪಾಪ, ಅವನನ್ನು ಬೈಯಬೇಡ. ನಾನು ಕ್ಷೇಮ ಎಂದು ಬರೆಯಬೇಕಿತ್ತು. ಬರೆಯಲು ಹೋದರೆ ಕೈ ಬರುವುದಿಲ್ಲ. ಈ ಪತ್ರವನ್ನಾದರೂ ಕೊನೆಯವರೆಗೆ ಓದು. ಮನೆಯೊಳಗೆ ಇಲಿ ಸೇರಿಕೊಂಡಿವೆ. ನಗಬೇಡ ಕಣೋ. ಅವು ಅಪ್ಪನ ಕಾಲು ತಿನ್ನುತ್ತಿವೆ.

ಅಪ್ಪ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡದ್ದನ್ನು ಮೊದಲೇ ತಿಳಿಸಿದ್ದೆ. ಅವತ್ತಿನಿಂದ ಮಂಚ ನಡುಮನೆಗೆ ಬಂದಿದೆ, ಬಾಗಿಲಿಗೆ ಎದುರಾಗಿ. ಸಕ್ಕರೆ ಕಾಯಿಲೆ ಹಳೆಯದು, ನಿನಗೆ ಗೊತ್ತಿರುವುದೇ. ಆದರೆ ಈಗ ಎರಡೂ ಪಾದಗಳಲ್ಲಿ ಸ್ಪರ್ಶವೇ ಇಲ್ಲ. ನರ್ಸಮ್ಮ ಪರೀಕ್ಷೆಗೆಂದು ಸೂಜಿ ಚುಚ್ಚಿದರೆ "ಚುಚ್ಚೋದು ಯಾವಾಗಮ್ಮ?" ಎಂದು ಕೇಳುತ್ತಾರೆ. ಕಣ್ಣೂ ಮಂಜಾಗಿದೆ. ನಾನು ಲಾಂಡ್ರಿಗೆ ಹೋಗಿ ಆಸ್ಪತ್ರೆಯವರ ಹಾಸಿಗೆ ಬಟ್ಟೆಗೆಲ್ಲ ಇಸ್ತ್ರಿ ಉಜ್ಜಿ ಬರುವ ತನಕ ಒಬ್ಬರೇ ಇರುತ್ತಾರೆ. ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ಹಿಂದಿನ ಬೀದಿಯ ಹಿಟ್ಟಿನ ಗಿರಣಿ ಕೆಡವಿದರು. ಅಲ್ಲಿ ತಲೆತಲಾಂತರದಿಂದ ಉಂಡುಟ್ಟು ಸುಖವಾಗಿದ್ದ ಸಂಸಾರಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ನಮ್ಮ ಸಾಲಿನ ಮನೆಗಳಿಗೆ ಬಂದವು.

ಮೊದಲು ಎದುರುಮನೆಯಾಕೆ ವಿಷದ ಬಿಲ್ಲೆ ಕೊಟ್ಟರು. ಕಪಾಟಿನ ಹಿಂದೆ ಇಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡುತ್ತೇನೆ, ಅಪ್ಪ ಏನೋ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ಒಯ್ಯುತ್ತಿದ್ದಾರೆ. ಬಿಲ್ಲೆಯ ತುಂಡನ್ನು ಯಾವುದೋ ಇಲಿ ಕಚ್ಚಿಕೊಂಡು ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ, ಬಿಸ್ಕತ್ತಿನ ತಟ್ಟೆಯಲ್ಲೇ ಬಿಟ್ಟು ಹೋಗಿತ್ತು. ಹೊಡೆದು ಕೆಡವಿದೆ, ಅಪ್ಪನ ಕೈಗೇ ಹೊಡೆದೆ. "ಒಂದು ಬಿಸ್ಕತ್ತಿಗೆ ಇಷ್ಟೊಂದಾ?" ಎಂದು ಮುಖ ಸಣ್ಣ ಮಾಡಿಕೊಂಡರು. ಅವತ್ತೇ ಬಿಲ್ಲೆಗಳನ್ನೆಲ್ಲ ಬಾಚಿ ಹೊರಗೆ ಹಾಕಿ, ನೆಲವನ್ನು ಸೋಪಿನಲ್ಲಿ ತಿಕ್ಕಿದೆ. ಆಮೇಲೆ ಅಂಟಿನ ಹಲಗೆ ತಂದೆ. ಅದಕ್ಕೊಂದು ಸಿಕ್ಕಿಕೊಂಡು ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಪ್ಪ ಮಲಗಿದಲ್ಲಿಂದಲೇ "ಮೊದಲು ಅದನ್ನ ಬಿಡಿಸು" ಎಂದು ಕೂಗಾಡಿದರು. ಅಡುಗೆ ಎಣ್ಣೆ ಸುರಿದು, ಕೈಗೆ ಚೀಲ ಸುತ್ತಿಕೊಂಡು, ಒಂದೊಂದೇ ಕಾಲು ಬಿಡಿಸಿ ಗಿರಣಿಯ ಬಯಲಿಗೆ ಬಿಟ್ಟು ಬಂದೆ. ಅದರ ಎದೆ ನನ್ನ ಅಂಗೈಯಲ್ಲಿ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು ಗೊತ್ತಾ. ವಾಪಸ್ ಬಂದಾಗ ಅಪ್ಪ ಹೇಳಿದ್ದು ಇಷ್ಟು: "ಇಲಿ ಒಳಗೆ ಬಂದ್ರೆ ಅದು ಇಲಿ ತಪ್ಪಲ್ಲ ಕಣೆ, ಗಾರೆಯವನ ತಪ್ಪು. ಈ ಮನೆ ಕಟ್ಟಿದ್ದು ನಾನು. ತೂತು ಮುಚ್ಚು, ಯಾರನ್ನೂ ಕೊಲ್ಲೋದು ಬೇಡ."

ಸರಿ, ಅಲ್ಲಿಂದ ನನ್ನ ಗಾರೆ ಕೆಲಸ ಶುರು. ನೀನು ನೋಡಬೇಕಿತ್ತು. ಅಪ್ಪ ಸಿಮೆಂಟು ಬಳಿಯುತ್ತಿದ್ದ ಹಳೆಯ ಕರಣೆ ಕೈಗೆ ಬಂತು. ಗೋಡೆಯುದ್ದಕ್ಕೂ ಮಂಡಿಯೂರಿಕೊಂಡು ಪೆನ್ಸಿಲ್ ಹಿಡಿದು ಹೋಗುವುದು, ಪೆನ್ಸಿಲ್ ಹೊಗುವ ಸಂದು ಸಿಕ್ಕರೆ ಇಲಿಮರಿಯೂ ಹೊಗುತ್ತದೆ ಎಂದು ಲೆಕ್ಕ. ಅಂಥ ಕಡೆಗೆಲ್ಲ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಒತ್ತಿ ತುರುಕಿ, ಮೇಲೆ ಸಿಮೆಂಟು. ನಾರನ್ನು ಅವು ಕಡಿಯಲಾರವಂತೆ, ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಸಿಂಕಿನ ಪೈಪು ಗೋಡೆಯೊಳಗೆ ಹೋಗುವ ಜಾಗ, ಬಚ್ಚಲ ಮೋರಿ, ಗಾಳಿ ಕಿಟಕಿ, ಎಲ್ಲಕ್ಕೂ ಜಾಲರಿ ಬಡಿದೆ. ಬಾಗಿಲ ಅಡಿಗೆ ತಗಡಿನ ಪಟ್ಟಿ. ಕಾಳು ಕಡಿ ಎಲ್ಲ ಡಬ್ಬಿಗೆ, ಡಬ್ಬಿಗೆ ಬಿಗಿ ಮುಚ್ಚಳ. ಅಪ್ಪ ಮಂಚದಿಂದಲೇ ಮೇಸ್ತ್ರಿಗಿರಿ: "ಅದೇನು ಬ್ರೆಡ್ಡಿಗೆ ಬೆಣ್ಣೆ ಸವರ್ತಿದ್ದೀಯಾ? ಒತ್ತು, ಕೈ ಭಾರ ಬಿಡು." ಸೊಂಟ ಮುರಿದ ಮೇಲೆ ಅವರು ಅಷ್ಟು ಗೆಲುವಾಗಿದ್ದದ್ದು ಅವತ್ತೇ ಮೊದಲು. ಕೆಲಸ ಮುಗಿಸಿ ಸುತ್ತ ಕಣ್ಣಾಡಿಸಿದೆ. ಉಳಿದದ್ದು ಒಂದೇ ಒಂದು ತೂತು, ನಿನ್ನದು.

ಮರೆತಿರಲಾರೆ. ಹೊತ್ತುಗೊತ್ತಿಲ್ಲದೆ ಮನೆ ಸೇರುತ್ತಿದ್ದ ಕಾಲದಲ್ಲಿ ನಿನಗೆ ಗೂಬೆ ಎಂದು ಹೆಸರಿಟ್ಟವರು ಅಪ್ಪನೇ. ಕೊಟ್ಟ ಕೀಯನ್ನೆಲ್ಲ ಕಳೆಯುತ್ತಿದ್ದೆ, ಬಂದು ಬಾಗಿಲು ಬಡಿದು ಬೀದಿಯನ್ನೆಲ್ಲ ಎಬ್ಬಿಸುತ್ತಿದ್ದೆ. ಬೈದು ಬೈದು ಸಾಕಾಗಿ ಅಪ್ಪ ಬಾಗಿಲ ಪಕ್ಕ ಎದೆಮಟ್ಟದಲ್ಲಿ ಇಟ್ಟಿಗೆ ತೆಗೆದು, ಆಚೆಯಿಂದ ಈಚೆಗೆ ಕಿಂಡಿ ಮಾಡಿ, ಒಳಗಡೆ ಮೊಳೆ ಹೊಡೆದು ಕೀ ನೇತುಹಾಕಿದರು. ನಿನ್ನ ತೋಳಿನ ಅಳತೆ ತೆಗೆದು ಮಾಡಿದ್ದು. ಹೊರಗಿನಿಂದ ಕೈ ಹಾಕಿದರೆ ನನಗೆ ಇವತ್ತಿಗೂ ಆ ಮೊಳೆ ಎಟುಕುವುದಿಲ್ಲ. ಆಮೇಲೆ ನಿಮ್ಮಿಬ್ಬರ ಜಗಳ. ಕರಣೆ ಹಿಡಿಯಲ್ಲ, ನಿನ್ನ ಹಾಗೆ ಮಂಡಿ ಸವೆಸಿಕೊಳ್ಳಲ್ಲ ಎಂದು ನೀನು. "ಹೋಗೋದಾದ್ರೆ ಹೋಗು, ತಿರುಗಿ ಬರೋ ದಾರಿ ಮರೆತುಬಿಡು" ಎಂದು ಅವರು. ನೀನು ಹೋದ ಮೇಲೆ ಈ ಮನೆಯಲ್ಲಿ ನಿನ್ನ ಸುದ್ದಿ ಎತ್ತುವ ಹಾಗಿಲ್ಲ. ನಾನು ನಿನಗೆ ಬರೆಯುವುದು ಅಪ್ಪನಿಗೆ ಗೊತ್ತಿಲ್ಲ, ತಿಳಿದರೆ ರಂಪವಾದೀತು ಎಂದು ಕದ್ದು ಬರೆಯುತ್ತೇನೆ. ಆದರೆ ಒಂದು ಸಂಜೆ ಬಿಡದೆ ನನ್ನನ್ನು ಕೇಳುವ ಮಾತು ಒಂದಿದೆ: "ಕೀ ಇಟ್ಟೆಯಾ?" ಯಾರಿಗೆ ಎಂದು ಅವರು ಹೇಳುವುದಿಲ್ಲ, ನಾನು ಕೇಳುವುದಿಲ್ಲ. ಇಟ್ಟೆ ಎಂದರೆ ಮಾತ್ರ ಕಣ್ಣು ಮುಚ್ಚುತ್ತಾರೆ.

ಅದನ್ನೂ ಮುಚ್ಚೋಣ ಎಂದೆ. "ಅಷ್ಟು ಎತ್ತರಕ್ಕೆ ಇಲಿ ಹತ್ತಲ್ಲ" ಎಂದರು. ಗಾರೆಯವರ ಬಾಯಲ್ಲಿ ಬರುವ ಮಾತಾ ಅದು? ಪಕ್ಕದಲ್ಲೇ ಮಳೆನೀರಿನ ಪೈಪು ಇದೆ, ಅವಕ್ಕೆ ಅದು ಏಣಿ. ಕಿಂಡಿಯ ಅಂಚಿನಲ್ಲಿ ಮೈ ಉಜ್ಜಿ ಉಜ್ಜಿ ಕಪ್ಪು ಜಿಡ್ಡು ಕಟ್ಟಿತ್ತು. ಕೆಳಗೆ ಹಿಟ್ಟು ಉದುರಿಸಿಟ್ಟರೆ ಬೆಳಿಗ್ಗೆ ಅದರ ತುಂಬ ಪುಟ್ಟ ಹೆಜ್ಜೆಗಳು. ತೋರಿಸಿದೆ. ಕಣ್ಣು ಕಾಣಿಸಲ್ಲ ಎಂದು ತಪ್ಪಿಸಿಕೊಂಡರು. ಅದಾದ ವಾರದಲ್ಲಿ ಹಾಸಿಗೆ ಬಟ್ಟೆ ಬದಲಿಸುವಾಗ ರಕ್ತ ಕಂಡಿತು. ಬಲಗಾಲಿನ ಎರಡು ಬೆರಳ ತುದಿಯೇ ಇರಲಿಲ್ಲ. ಅಪ್ಪನಿಗೆ ಗೊತ್ತೇ ಆಗಿಲ್ಲ. ನಾನು ಅಳುತ್ತಿದ್ದರೆ "ಯಾಕೆ, ಏನಾಯ್ತು?" ಎಂದು ನನ್ನನ್ನೇ ಕೇಳುತ್ತಾರೆ. ಎದುರುಮನೆಯವರೂ ನಾನೂ ಸೇರಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು, ಇಂಜೆಕ್ಷನ್, ಡ್ರೆಸ್ಸಿಂಗ್ ಎಲ್ಲ ಆಯಿತು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಇನ್ನೊಮ್ಮೆ ಕಚ್ಚಿದರೆ ಬೆರಳಿನ ಮಾತಲ್ಲ, ಪಾದವೇ ತೆಗೆಯಬೇಕಾಗುತ್ತದೆ ಎಂದರು. ಗುರುವಾರ ಮತ್ತೆ ನೋಡುತ್ತಾರೆ. ಈಗ ಮಲಗಿಸುವಾಗ ಅಪ್ಪನ ಮರಳು ಜರಡಿಯನ್ನು ಪಾದಗಳ ಮೇಲೆ ಬೋರಲು ಹಾಕಿ ಕಟ್ಟುತ್ತೇನೆ. "ಜೀವಮಾನವೆಲ್ಲ ನಾನು ಜರಡಿ ಹಿಡಿದೆ, ಈಗ ಜರಡಿ ನನ್ನನ್ನ ಹಿಡೀತು" ಎಂದು ನಗಾಡುತ್ತಾರೆ. ನನಗೆ ನಗು ಬರುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯವರ ಹತ್ತಿರ ಹೋಗಿ ಗೋಳು ಹೇಳಿಕೊಂಡೆ. ಒಮ್ಮೆಲೇ ಮುಚ್ಚಿದರೆ ಒಳಗಿರುವವು ಒಳಗೇ ಸಿಕ್ಕಿಬೀಳುತ್ತವೆ, ಹಸಿದು ಇನ್ನೂ ಕೆಡುತ್ತವೆ, ಮೊದಲು ಅವು ಹೊರಗೆ ಹೋಗಲಿ ಎಂದರು. ಅವರು ಹೇಳಿಕೊಟ್ಟಂತೆ ಜಾಲರಿಯ ತುಂಡಿಗೆ ಮೇಲಿನಿಂದ ತಂತಿ ಕಟ್ಟಿ ಕಿಂಡಿಯ ಹೊರಬದಿಗೆ ತೂಗುಬಿಟ್ಟೆ. ಒಳಗಿನಿಂದ ತಲೆಯಲ್ಲಿ ತಳ್ಳಿದರೆ ತೆರೆದುಕೊಳ್ಳುತ್ತದೆ, ಹೊರಗಿನಿಂದ ತಳ್ಳಿದರೆ ಕಿಂಡಿಯ ಅಂಚಿಗೆ ತಾಗಿ ನಿಲ್ಲುತ್ತದೆ. ಅಪ್ಪ ನೋಡುತ್ತಲೇ ಇದ್ದರು. ಹೇಗೆ ಕೆಲಸ ಮಾಡುತ್ತೆ ತೋರಿಸು ಎಂದರು. ಬೆರಳಿನಿಂದ ತಳ್ಳಿ ತೋರಿಸಿದೆ. "ಹೋಗಬಹುದು, ಬರೋಕಾಗಲ್ಲ" ಎಂದರು. ಹೌದಪ್ಪಾ, ಇಲಿಗೆ, ಎಂದೆ. ಮೊಳೆಯಲ್ಲಿದ್ದ ಕೀಯನ್ನು ನನ್ನ ಕೈಯಿಂದ ತೆಗೆಸಿಕೊಂಡು ಗೋಡೆಯ ಕಡೆ ಹೊರಳಿದರು. ಅವತ್ತು ಸಂಜೆ ಕೀ ಇಟ್ಟೆಯಾ ಎಂದು ಕೇಳಲಿಲ್ಲ. ಮಾರನೆಯ ದಿನವೂ ಇಲ್ಲ. ಊಟಕ್ಕೆ ಕರೆದರೆ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾರೆ.

ಈಗ ಹಿಟ್ಟಿನ ಮೇಲೆ ಹೆಜ್ಜೆಯಿಲ್ಲ. ಒಳಗಿದ್ದವು ಹೋಗಿವೆ. ಆದರೆ ಹೊರಗಿನಿಂದ ಜಾಲರಿ ಕೆರೆಯುತ್ತಿವೆ, ಒಂದು ಮೂಲೆ ಆಗಲೇ ಬಗ್ಗಿದೆ. ಇವತ್ತು ಸಿಮೆಂಟು ಹಾಕದಿದ್ದರೆ ನಾಳೆ ಮತ್ತೆ ಒಳಗಿರುತ್ತವೆ. ಸಿಮೆಂಟು ಕಲಸಿಕೊಂಡು ಬಂದರೆ ಕರಣೆ ಕಾಣೆ. ಹುಡುಕಿ ಹುಡುಕಿ ಸಾಕಾಗಿ ನೋಡುತ್ತೇನೆ, ಅಪ್ಪ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಅದರ ಮೇಲೇ ಮಲಗಿದ್ದಾರೆ, ಮಗು ಆಟದ ಸಾಮಾನು ಬಚ್ಚಿಡುವ ಹಾಗೆ. ಕೀ ಮುಷ್ಟಿಯಲ್ಲಿದೆ. ಕಾಲು ಹೋಗುತ್ತಪ್ಪಾ ಎಂದೆ. "ಹೋದ್ರೆ ಹೋಗಲಿ, ನಾನೆಲ್ಲಿಗೆ ನಡೀಬೇಕು" ಎಂದರು. ಬೇರೆ ಕರಣೆ ತರಬಹುದು, ಕೈಯಲ್ಲೇ ಬಳಿಯಬಹುದು. ಆದರೆ ಅವರು ನೋಡುತ್ತಿರುವಾಗ ಆ ಕಿಂಡಿಗೆ ಸಿಮೆಂಟು ಹಾಕುವ ಎದೆ ನನಗಿಲ್ಲ ಕಣೋ. ಹಾಕಿದರೆ ಅಪ್ಪ ಊಟ ಬಿಡುತ್ತಾರೆ, ಹಾಕದಿದ್ದರೆ ಪಾದ ಹೋಗುತ್ತದೆ. ನಿನ್ನ ಮೇಲೆ ಗೂಬೆ ಕೂರಿಸುತ್ತಿದ್ದೇನೆ ಎಂದುಕೊಳ್ಳಬೇಡ. ಕೂರಿಸುವುದೇನು, ಗೂಬೆಯೇ ನೀನು. ಹೆಸರಿಗೆ ಗೂಬೆ, ಒಂದು ಇಲಿ ಹಿಡಿದವನಲ್ಲ.

ನನಗೆ ಬೇರೇನೂ ಬೇಡ. ನೀನು ಬರಬೇಕೆಂದೂ ಕೇಳುವುದಿಲ್ಲ, ಕೇಳಿ ಕೇಳಿ ಬಾಯಿ ಒಣಗಿದೆ. ಒಂದು ಸಾಲು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸು. ನಿನ್ನ ಕೈಬರಹದಲ್ಲಿ, ದಪ್ಪ ಅಕ್ಷರದಲ್ಲಿ, ಅವರ ಕಣ್ಣಿಗೆ ಕಾಣುವ ಹಾಗೆ: ಅಪ್ಪಾ, ಕಿಂಡಿ ಮುಚ್ಚಿಸು. ಅಷ್ಟೇ. ಬೇಕಿದ್ದರೆ ಕೋಪದಿಂದಲೇ ಬರೆ, ಪರವಾಗಿಲ್ಲ. ಗುರುವಾರದ ಒಳಗೆ ಬಂದರೆ ಅವರ ಕಾಲು ಉಳಿದೀತು. ಅಲ್ಲಿಯವರೆಗೆ ಜರಡಿ ಕಟ್ಟಿಕೊಂಡು, ಪಕ್ಕದಲ್ಲಿ ಕೋಲು ಹಿಡಿದು ಕೂತಿರುತ್ತೇನೆ. ಕೆಲಸಕ್ಕೆ ರಜೆ ಹಾಕಿದ್ದೇನೆ.

ಟೋಪಿ ಹಾಕಿಕೋ. ಹೊತ್ತಿಗೆ ಸರಿಯಾಗಿ ತಿನ್ನು. ಎಲ್ಲಿದ್ದರೂ ತಣ್ಣಗಿರು ಎಂದು ಹರಸಬೇಕಿತ್ತು, ನಿನ್ನ ಕೆಲಸಕ್ಕೆ ಆ ಹರಕೆ ಬೇಡ. ಬೆಚ್ಚಗಿರು.

ನಿನ್ನ ಮೇಲೆ ಕೋಪ ಮಾಡಿಕೊಳ್ಳಲೂ ಪುರುಸೊತ್ತಿಲ್ಲದ,
ಅಕ್ಕ

ಮರೆತ ಮಾತು: ಲಕೋಟೆ ಅಂಟಿಸುತ್ತಿದ್ದೆ, ಅಷ್ಟರಲ್ಲಿ ಅಪ್ಪ ನಡುಮನೆಯಿಂದ "ಅಷ್ಟು ಹೊತ್ತಿಂದ ಯಾರಿಗೆ ಬರೀತಿದ್ದೀಯಾ?" ಎಂದು ಕೇಳಿದರು. ಸುಳ್ಳು ಬಾಯಿಗೆ ಬರಲಿಲ್ಲ. ಗೂಬೆಗೆ ಎಂದೆ. ರಂಪವೇನೂ ಆಗಲಿಲ್ಲ. "ಅವನ ಅಡ್ರೆಸ್ ಇದೆಯಾ ನಿನ್ನ ಹತ್ರ?" ಎಂದರು. ಇದೆ ಎಂದೆ. "ಇದೆಯಾ?" ಎಂದು ಮತ್ತೆ ಕೇಳಿದರು. ಆಮೇಲೆ ತಲೆದಿಂಬಿನ ಕೆಳಗೆ ಕೈ ಹಾಕಿ ಕರಣೆ ತೆಗೆದು ಕೊಟ್ಟು, "ಅಡ್ರೆಸ್ ಇದ್ಮೇಲೆ ಗೋಡೆಗೆ ತೂತು ಯಾಕೆ, ಮುಚ್ಚು" ಎಂದರು. ಮುಚ್ಚಿದೆ ಕಣೋ, ಇನ್ನೂ ಹಸಿಯಿದೆ. ಕೈ ತೊಳೆದುಕೊಳ್ಳದೆ ಬರೆಯುತ್ತಿದ್ದೇನೆ, ಕಾಗದಕ್ಕೆ ಹತ್ತಿರುವುದು ಅದೇ ಸಿಮೆಂಟು. ಗುರುವಾರ ಡಾಕ್ಟರು ಏನು ಹೇಳುತ್ತಾರೋ ಗೊತ್ತಿಲ್ಲ. ಲಕೋಟೆ ಯಾಕೆ ಭಾರ ಎಂದು ನೋಡಬೇಡ, ಒಳಗಿರುವುದು ಕೀ. ಅಪ್ಪ ತಾವೇ ಹಾಕಿದರು, ಕಳೀಬೇಡ ಅಂತ ಬರಿ ಎಂದರು. ಬಂದಾಗ ಬಾಗಿಲು ಬಡಿಯಬೇಡ, ತೆಗೆದುಕೊಂಡು ಒಳಗೆ ಬಾ. ಬಂದವನು ಬೇಗ ಹಿಂದಿನಿಂದ ಬಾಗಿಲು ಹಾಕಿಕೋ, ಇಲಿ ನುಗ್ಗುತ್ತವೆ.